ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ನಾನು

ನಮ್ಮ ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಟ್ಟರೆ ಅದು ತಾನಾಗಿಯೇ ಉಂಡೆ ಕೊಬ್ಬರಿ ಆಗುತ್ತದೆ. ದುಡ್ಡೂ ಹಾಗೇ ಎಂದು ನಂಬಿಕೊಂಡು ಬೆಳೆದವನು ನಾನು. ನಿವೃತ್ತಿಯ ಹಣ ಕೈಗೆ ಬಂದಾಗ ನಾನು ಆರಿಸಿಕೊಂಡ ಅಟ್ಟ, ಬಿ.ಎಚ್. ರಸ್ತೆಯಿಂದ ತುಸು ಒಳಗಿದ್ದ ಒಂದು ಮಹಡಿ ಕಟ್ಟಡ. ಕೆಳಗೆ ಎರಡು ಮಳಿಗೆ, ಮೇಲೊಂದು ಮನೆ.

"ಅಂಗಡಿ ಖಾಲಿಯಾದರೆ ಮನೆ ಬಾಡಿಗೆ ಬರುತ್ತೆ, ಮನೆ ಖಾಲಿಯಾದರೆ ಅಂಗಡಿ ಬಾಡಿಗೆ ಬರುತ್ತೆ. ಎರಡು ಕಡೆಯಿಂದಲೂ ಭದ್ರ" ಎಂದು ನನ್ನವಳಿಗೆ ವಿವರಿಸಿದೆ.

"ಎರಡು ಕಡೆಯಿಂದಲೂ ರಿಪೇರಿ ಬಂದರೆ?" ಎಂದಳು.

ವ್ಯವಹಾರದ ಸೂಕ್ಷ್ಮ ಇವಳಿಗೆಲ್ಲಿ ತಿಳಿಯಬೇಕು ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ. ರಾತ್ರಿ ಊಟ ಇನ್ನೂ ಆಗಿರಲಿಲ್ಲ.

ಮಾರುವವರು 50 ಲಕ್ಷ ಎಂದರು, ನನ್ನ ಲೆಕ್ಕ ಅಲ್ಲಿಗೇ ನಿಂತಿತು. ಅವಳದು ಅಲ್ಲಿಂದ ಶುರುವಾಯಿತು. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು ಸೇರಿ 5.6. ನೋಂದಣಿ ಶುಲ್ಕ ಮೊದಲು 1 ಇತ್ತು, 2025ರ ಆಗಸ್ಟ್ 31ರಿಂದ 2. ಒಟ್ಟು 7.6. "ಅಂದರೆ 3 ಲಕ್ಷದ 80 ಸಾವಿರ ರೀ, ಬೀಗದ ಕೈ ಮುಟ್ಟೋಕೆ ಮೊದಲೇ" ಎಂದಳು. ಹಾಲಿನ ಚೀಟಿಯ ಹಿಂಬದಿಯಲ್ಲೇ ಲೆಕ್ಕ ಮುಂದುವರಿಯಿತು. ಮೂರೂ ಭಾಗದ ಬಾಡಿಗೆ ಸೇರಿ ತಿಂಗಳಿಗೆ 18,000, ವರ್ಷಕ್ಕೆ 2,16,000. ಆ 50ರಲ್ಲಿ 30 ಲಕ್ಷವನ್ನಷ್ಟೇ ಪೋಸ್ಟಾಫೀಸಿನ ಹಿರಿಯ ನಾಗರಿಕರ ಯೋಜನೆಯಲ್ಲಿಟ್ಟರೆ 8.2ರ ಬಡ್ಡಿಯಂತೆ 2,46,000. "ಮಿಕ್ಕ ದುಡ್ಡು ಕೈಯಲ್ಲೇ ಇರುತ್ತೆ. ಪೋಸ್ಟ್‌ಮಾಸ್ಟರು ಯಾವತ್ತೂ ನಲ್ಲಿ ಸೋರ್ತಿದೆ ಅಂತ ಫೋನ್ ಮಾಡಲ್ಲ."

"ಅಲ್ಲಿ ಸಿಗೋದು ಬರೀ ಬಡ್ಡಿ ಕಣೇ. ಇಲ್ಲಿ ಓನರ್ ಅನ್ನೋ ಮರ್ಯಾದೆ ಸಿಗುತ್ತೆ" ಎಂದೆ.

ಕಾಗದಪತ್ರದ ಕಥೆ ಉದ್ದ ಮಾಡುವುದಿಲ್ಲ. ಇ-ಖಾತಾ ಆಯಿತು, ಇ.ಸಿ. ತೆಗೆಸಿದ್ದಾಯಿತು. ಮಾರುವವರ ವಂಶವೃಕ್ಷವನ್ನು ನಾನು ಮದುವೆ ಪತ್ರಿಕೆಯಂತೆ ಮಡಿಚಿ ಜೇಬಿಗಿಡುವಾಗ ಅವಳು ಇಸಿದುಕೊಂಡು, "ಇವರ ಅಕ್ಕತಂಗಿಯರ ಸೈನ್ ಎಲ್ಲಿ?" ಎಂದಳು. 2005ರ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬುದು ದಲ್ಲಾಳಿಗೂ ನನಗೂ ಒಟ್ಟಿಗೇ ನೆನಪಾಯಿತು. ಇಬ್ಬರು ತಂಗಿಯರು ಬಂದು ಸಹಿ ಹಾಕಿ, ಕಾಫಿ ಕುಡಿದು, ನನ್ನ ಕಡೆ ಮರುಕದಿಂದ ನೋಡಿ ಹೋದರು.

ಒಂದು ಮಳಿಗೆಗೆ ಟೈಲರ್ ಬಂದ. ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕೆಂದು 1908ರ ಕಾಯಿದೆ ಹೇಳುವುದರಿಂದ ಇಡೀ ದೇಶವೇ ಹನ್ನೊಂದಕ್ಕೆ ನಿಲ್ಲಿಸುತ್ತದೆ. ಮೇಲಿನ ಮನೆಗೆ ಒಂದು ಸಂಸಾರ ಬಂತು. ಮನೆಗೆ ಗೃಹಜ್ಯೋತಿ, ಹಳೇ ಸರಾಸರಿ ಬಳಕೆಗಿಂತ ತುಸು ಹೆಚ್ಚಿನವರೆಗೆ ಬಿಲ್ಲು ಸೊನ್ನೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಅಂಗಡಿಗೆ ಕಮರ್ಷಿಯಲ್ ಮೀಟರು. ಇಷ್ಟು ಸಾಕಾಯಿತು. ಟೈಲರ್‌ನ ಇಸ್ತ್ರಿ ಪೆಟ್ಟಿಗೆಗೆ ಮೇಲಿನ ಅಡುಗೆಮನೆಯ ಗವಾಕ್ಷಿಯಿಂದ ಒಂದು ಹಳದಿ ವೈರು ಇಳಿಯಿತು, ಮೇಲಿನಾಕೆಯ ಸೀರೆಗಳಿಗೆಲ್ಲ ಪುಕ್ಕಟೆ ಫಾಲ್ಸು, ಕುಚ್ಚು. ಊರಿನ ಇಸ್ತ್ರಿಯೆಲ್ಲ ಅಲ್ಲಿಗೇ ಬರತೊಡಗಿ ಮೀಟರು 200 ದಾಟಿದ ತಿಂಗಳು ಸೊನ್ನೆ ಹೋಗಿ ಪೂರ್ತಿ ಬಿಲ್ಲೇ ಬಂತು. ಲೈನ್‌ಮನ್ ವೈರನ್ನು ಕಣ್ಣಲ್ಲೇ ಅಳೆದು, "ಮನೆ ಲೈನಿನಲ್ಲಿ ವ್ಯಾಪಾರ ಮಾಡಿದರೆ ಎರಡು ಪಟ್ಟು ದರ ಸಾರ್. ಮೀಟರ್ ನಿಮ್ಮ ಹೆಸರಿನಲ್ಲಿದೆ" ಎಂದ. ಸ್ಟೂಲು ಹತ್ತಿ ವೈರು ಕಿತ್ತವನು ಓನರ್. ಸ್ಟೂಲು ಹಿಡಿದುಕೊಂಡವನು ಟೈಲರ್, "ಹುಷಾರು ಓನರ್ರೇ, ಕರೆಂಟಿದೆ" ಎನ್ನುತ್ತಾ.

ಆಮೇಲೆ ಬಚ್ಚಲು. ಮೇಲಿನ ಮಹಡಿ ಮೊದಲು ಕೊಬ್ಬರಿ ದಾಸ್ತಾನಿಗೆಂದು ಕಟ್ಟಿದ್ದು. ಬಚ್ಚಲನ್ನು ಆಮೇಲೆ ಯಾರೋ ಸೇರಿಸಿದ್ದರು, ಸರಿಯಾಗಿ ಟೈಲರ್‌ನ ಕಟಿಂಗ್ ಟೇಬಲ್ಲಿನ ನೆತ್ತಿಯ ಮೇಲೆ. ಮೇಲೆ ಸ್ನಾನಕ್ಕೆ ನಿಂತರೆ ಕೆಳಗೆ ತೊಟ್ಟಿಕ್ಕುತ್ತಿತ್ತು. ಟೈಲರ್ ಮೇಲಿನವರ ಕಡೆ ಬೆರಳು ತೋರಿಸಿದ, ಮೇಲಿನವರು ಪ್ಲಂಬರ್‌ನ ಕಡೆ, ಪ್ಲಂಬರ್ ಮೇಸ್ತ್ರಿಯ ಕಡೆ. ಮೇಸ್ತ್ರಿ ಮಾತ್ರ ಯಾರನ್ನೂ ದೂರದೆ, "ಪೂರ್ತಿ ಅಗೆಯಬೇಕು ಸ್ವಾಮಿ" ಎಂದ. ಅಷ್ಟರಲ್ಲಿ ಮದುವೆ ಸೀಸನ್ನು. ತೊಟ್ಟಿಕ್ಕಿದ್ದು ಒಂದು ಮೈಸೂರು ರೇಷ್ಮೆಯ ರವಿಕೆ ಕಣದ ಮೇಲೆ, ಬೆನ್ನಿನ ಭಾಗಕ್ಕೆ, ಹಳೇ ಎಂಟಾಣೆ ಅಗಲ. ಯಾರದಯ್ಯಾ ಎಂದೆ. ಟೈಲರ್ ಅಳತೆ ಪುಸ್ತಕ ತೆಗೆದು ತೋರಿಸಿದ. ನಮ್ಮ ಮನೆಯ ವಿಳಾಸ!

ಅವಳು ಜಗಳವಾಡಲಿಲ್ಲ. ಅದೇ ರವಿಕೆ ತೊಟ್ಟು ಅಣ್ಣನ ಮಗಳ ಮದುವೆಗೆ ಬಂದಳು. ಛತ್ರದಲ್ಲಿ ಸಿಕ್ಕಿದವರಿಗೆಲ್ಲ ಸೆರಗು ಸರಿಸಿ ಬೆನ್ನು ತೋರಿಸಿ, "ಇದಾ? ನಮ್ಮ ಬಿಲ್ಡಿಂಗಿನದು" ಎಂದಳು. ನಾನು ಬಯಸಿದ ಓನರ್ ಮರ್ಯಾದೆ ಇಡೀ ಬೀಗರ ಪಂಕ್ತಿಗೆ ಹೀಗೆ ಬಡಿಸಲ್ಪಟ್ಟಿತು.

ಬಾಡಿಗೆ ಆದಾಯದಲ್ಲಿ, ಕಂದಾಯ ಕಳೆದ ಮೇಲೆ, ನೂರಕ್ಕೆ 30ನ್ನು ಖರ್ಚಾಗಲಿ ಬಿಡಲಿ ತೆರಿಗೆ ಲೆಕ್ಕದಿಂದ ಬಿಟ್ಟುಕೊಡುತ್ತಾರೆ. ಆ ಕಾನೂನು ಬರೆದ ಪುಣ್ಯಾತ್ಮ ನಮ್ಮ ಮೇಸ್ತ್ರಿಯನ್ನು ನೋಡಿರಲಿಲ್ಲ. ಬಚ್ಚಲು ಅಗೆಸಿ, ವಾಟರ್‌ಪ್ರೂಫಿಂಗ್ ಮಾಡಿಸಿ, ಹೊಸ ಟೈಲ್ಸ್ ಹಾಕಿಸುವಷ್ಟರಲ್ಲಿ ಆ ವರ್ಷದ ಅಂಗಡಿ ಬಾಡಿಗೆಯೆಲ್ಲ ಬಚ್ಚಲಿನ ಪಾಲಾಯಿತು. ಈಗ ಬಾಡಿಗೆ ಬೀಳುವುದು ಅವಳ ಖಾತೆಗೆ. ಟೈಲರ್‌ನ ಗೋಡೆಗೆ ಅಂಟಿಸಿರುವ ಕ್ಯೂಆರ್ ಕೋಡೂ ಅವಳದೇ. ದೂರುಗಳು ಮಾತ್ರ ಮೊದಲಿನಂತೆ ನನ್ನ ಫೋನಿಗೆ.

ಎರಡನೇ ಮಳಿಗೆ ಇನ್ನೂ ಖಾಲಿ ಇದೆ. ಹತ್ತು ಅಡಿಗೆ ಹದಿನೈದು, ಪೂರ್ವಕ್ಕೆ ಮುಖ, ಶಟರಿಗೆ ಗ್ರೀಸ್ ಹಾಕಿಸಿದೆ, ಪ್ರತ್ಯೇಕ ಮೀಟರಿದೆ, ಮೇಲೆ ಬಚ್ಚಲಿಲ್ಲ. ಬೇಕಾದವರು ಬಂದು ನೋಡಬಹುದು. ಬಾಡಿಗೆಯ ಮಾತನ್ನು ಮಾತ್ರ ನನ್ನವಳ ಹತ್ತಿರವೇ ಆಡಿ. ನನ್ನ ಹತ್ತಿರ ಆಡಿದರೆ ಇಳಿಸಿಬಿಡುತ್ತೇನೆಂದು ಅವಳ ಅಪ್ಪಣೆಯಾಗಿದೆ.