ಪರಂಪರಾಪ್ರಿಯ ಅತಿಥಿ

ಐವತ್ತರ ಆಸುಪಾಸಿನಲ್ಲಿ, ಫ್ಲ್ಯಾಟಿನ ಸಾಲ ತೀರಿ ಮಕ್ಕಳ ಫೀಸಿನ ಹೊರೆಯೂ ಇಳಿದ ಮೇಲೆ, ಬೆಂಗಳೂರಿನ ಒಂದು ವರ್ಗದ ಗೃಹಸ್ಥರಲ್ಲಿ ಹಳೆಯ ಕಟ್ಟಡಗಳ ಮೇಲೆ ಹಠಾತ್ತನೆ ಮಮತೆ ಹುಟ್ಟುವುದುಂಟು. ಶುಕ್ರವಾರ ಸಂಜೆ ಉಲ್ಬಣಿಸಿ ಸೋಮವಾರ ಬೆಳಿಗ್ಗೆ ತಾನಾಗಿಯೇ ಶಮನವಾಗುವುದು ಈ ಮಮತೆಯ ಮುಖ್ಯ ಲಕ್ಷಣವಾಗಿದ್ದು, ಸಾಲು ರಜೆಗಳು ಬಂದಾಗ ಮಾತ್ರ ಅದು ಒಂದೆರಡು ದಿನ ಹೆಚ್ಚು ಕಾಲ ಉಳಿಯುತ್ತದೆ. ಇಂಥವರನ್ನು ಅನುಕೂಲಕ್ಕಾಗಿ ಪರಂಪರಾಪ್ರಿಯ ಅತಿಥಿ ಎಂದು ಕರೆಯಬಹುದು. ಕೃಷ್ಣಗಿರಿ, ತಿರುವಣ್ಣಾಮಲೆ, ಸೆಂಜಿಗಳ ಮಾರ್ಗವಾಗಿ ಸುಮಾರು 310 ಕಿ.ಮೀ. ದೂರದಲ್ಲಿರುವ ಪುದುಚೇರಿಯ ಬೊಟಿಕ್ ಹೋಟೆಲುಗಳಲ್ಲಿ, ಅಂದರೆ ಕೊಠಡಿಗಳು ಕಡಿಮೆ ಇರುವ, ಒಂದು ಕೊಠಡಿ ಇನ್ನೊಂದರಂತೆ ಇರದ, ಬಾಡಿಗೆ ಮಾತ್ರ ಎಲ್ಲದಕ್ಕೂ ಸಮನಾಗಿ ದುಬಾರಿಯಾಗಿರುವ ವಸತಿಗಳಲ್ಲಿ, ಈ ಜಾತಿಯನ್ನು ಅದರ ಸಹಜ ಸ್ಥಿತಿಯಲ್ಲಿ ಗಮನಿಸಲು ಸಾಧ್ಯ.

ಈ ಊರಿನ ಹಳೆಯ ಭಾಗವನ್ನು ಒಂದು ಕಾಲುವೆ ಎರಡಾಗಿ ಸೀಳುತ್ತದೆ. ಕಾಲುವೆಗೂ ಕಡಲಿಗೂ ನಡುವಿನ ವೈಟ್ ಟೌನಿನಲ್ಲಿ ಎತ್ತರದ ಕಾಂಪೌಂಡಿನ ಹಿಂದೆ ಅಡಗಿರುವ, ಕಮಾನು ಕಿಟಕಿಗಳ, ಸಾಲುಕಂಬಗಳ ಫ್ರೆಂಚ್ ಬಂಗಲೆಗಳಿದ್ದರೆ, ಪಶ್ಚಿಮದ ತಮಿಳು ಭಾಗದಲ್ಲಿ ಬೀದಿಗೆ ತೆರೆದ ತಿಣ್ಣೈ ಅಥವಾ ಜಗಲಿ, ಒಳಗೆ ಆಕಾಶಕ್ಕೆ ತೆರೆದ ಮುಟ್ರಂ ಅಥವಾ ತೊಟ್ಟಿ ಇರುವ ಮನೆಗಳಿವೆ. ಎರಡೂ ಬಗೆಯ ಕಟ್ಟಡಗಳಲ್ಲಿ ಹಲವು ಈಗ ಹೋಟೆಲುಗಳಾಗಿ ಮಾರ್ಪಟ್ಟಿದ್ದು, ಹಳದಿ ಗೋಡೆ ಮತ್ತು ಅದರ ಮೇಲೆ ಬಾಗಿದ ಕಾಗದದ ಹೂವಿನ ಬಳ್ಳಿ ಎಲ್ಲಿ ಒಟ್ಟಿಗೆ ಸಿಗುತ್ತವೆಯೋ ಅಲ್ಲೆಲ್ಲ ಶ್ರೀಯುತರು ತಮ್ಮ ಮಡದಿಯನ್ನು ನಿಲ್ಲಿಸಿ, ಅವರು ಬಿಸಿಲಿಗೆ ಕಣ್ಣು ಕಿರಿದು ಮಾಡುವವರೆಗೂ ಫೋಟೋ ತೆಗೆಯುತ್ತಾರೆ.

ಕಟ್ಟಡದ ವಯಸ್ಸನ್ನು ಏರಿಸುವುದು ಪರಂಪರಾಪ್ರಿಯ ಅತಿಥಿಯ ಮೊದಲ ಕರ್ತವ್ಯ. ಫ್ರೆಂಚರು ಇಲ್ಲಿ ನೆಲೆಯೂರಿದ್ದು 1674ರಲ್ಲಿ ಎಂದು ಕೇಳಿದ ಕ್ಷಣವೇ ಅವರು ತಾವಿರುವ ಕೊಠಡಿಗೂ ಅದೇ ವಯಸ್ಸನ್ನು ದಯಪಾಲಿಸಿ, ಮುನ್ನೂರೈವತ್ತು ವರ್ಷದ ಮನೆಯಲ್ಲಿ ಮಲಗಿರುವುದಾಗಿ ಬಂಧುಗಳಿಗೆ ವಾಟ್ಸಾಪಿನಲ್ಲಿ ತಿಳಿಸುತ್ತಾರೆ. 1761ರಲ್ಲಿ ಬ್ರಿಟಿಷರು ಈ ಪಟ್ಟಣವನ್ನು ಗೆದ್ದು ನೆಲಸಮ ಮಾಡಿದ್ದರಿಂದ, 1765ರಲ್ಲಿ ಅದು ಫ್ರೆಂಚರಿಗೆ ಮರಳಿದ ನಂತರವೇ ಮನೆಗಳನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು ಎಂಬ ಸಂಗತಿಯನ್ನು ಮ್ಯಾನೇಜರು ವಿನಯದಿಂದ ಅರುಹಿದರೂ, ಶತಮಾನವೊಂದನ್ನು ಹಿಂದಿರುಗಿಸುವ ಮನಸ್ಸು ಅವರಿಗೆ ಬರುವುದಿಲ್ಲ. ಕೊಟ್ಟ ಬಾಡಿಗೆಗೆ ಅಷ್ಟಾದರೂ ಹಳತಾಗಿರಬೇಕೆಂಬುದು ಅವರ ಲೆಕ್ಕಾಚಾರ.

ಎರಡನೆಯ ಕರ್ತವ್ಯ ವಾಸ್ತುವಿವರಣೆ. ಮಂಚದ ಮೇಲೆ ಅಂಗಾತ ಮಲಗಿ, ಸೂರಿನತ್ತ ಬೆರಳು ತೋರಿಸಿ, ಇದು ಮದ್ರಾಸ್ ಟೆರೇಸ್ ಎಂದೂ, ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂಡಿಸಿ ಮಾಡುವ ಚಾವಣಿ ಎಂದೂ ಅವರು ನಿರೂಪಿಸುತ್ತಿರುವಾಗ, ಮಡದಿ ಬಚ್ಚಲಿನಿಂದ, "ರೀ, ಬಿಸಿನೀರು ಬರ್ತಿಲ್ಲ, ಯಾರಿಗಾದ್ರೂ ಫೋನ್ ಮಾಡಿ" ಎನ್ನುತ್ತಾರೆ. ನೆಲದ ಹೂಬಿಲ್ಲೆಗಳ ವಿಚಾರದಲ್ಲಿ ಶ್ರೀಯುತರ ಪಾಂಡಿತ್ಯ ಇನ್ನೂ ಆಳವಾದುದು. ಕಾರೈಕುಡಿಯ ಹತ್ತಿರದ ಆತ್ತಂಗುಡಿ ಗ್ರಾಮದಲ್ಲಿ, ಗಾಜಿನ ಹಲಗೆಯ ಮೇಲೆ ಅಚ್ಚಿಟ್ಟು, ಬಣ್ಣ ಬೆರೆಸಿದ ಸಿಮೆಂಟನ್ನು ಕೈಯಿಂದಲೇ ಸುರಿದು, ಸುಡದೆ ನೀರಿನಲ್ಲಿ ನೆನೆಸಿ ಹದಗೊಳಿಸುವ ಈ ಬಿಲ್ಲೆಗಳಿಗೆ ಆ ನುಣುಪು ಬರುವುದು ಗಾಜಿನ ಸ್ಪರ್ಶದಿಂದಲೇ ಎಂದು ವಿವರಿಸುವಾಗ ಅವರ ಧ್ವನಿ ಗದ್ಗದವಾಗುತ್ತದೆ. ಕನ್ನಡಿಯಂತೆ ಹೊಳೆಯುತ್ತಿದ್ದ ತಮ್ಮ ಹಿರಿಯರ ಮನೆಯ ರೆಡ್ ಆಕ್ಸೈಡ್ ನೆಲವನ್ನು ಅಗೆಸಿ ವಿಟ್ರಿಫೈಡ್ ಟೈಲ್ಸ್ ಹಾಕಿಸಿದವರೂ ಇವರೇ ಎಂಬುದನ್ನು ಈ ಸಂದರ್ಭದಲ್ಲಿ ಯಾರೂ ನೆನಪಿಸುವುದಿಲ್ಲ.

ಯಾರೂ ಎಂದರೆ, ಜೊತೆಯಲ್ಲಿ ತಾಯಿಯವರು ಬಂದಿರದಿದ್ದರೆ ಎಂದರ್ಥ. ತಾಯಿಯವರು ಬಂದಲ್ಲಿ ಅಧ್ಯಯನಕ್ಕೆ ಬೇರೆಯೇ ದಿಕ್ಕು ದೊರೆಯುತ್ತದೆ. ರಿಸೆಪ್ಷನ್ನಿನ ಮೂಲೆಯಲ್ಲಿ ನೀರು ತುಂಬಿಸಿ ಚೆಂಡುಹೂವಿನ ಎಸಳು ತೇಲಿಬಿಟ್ಟ ಒರಳುಕಲ್ಲನ್ನು ಕಂಡು ಮಗ ಪರವಶನಾದರೆ, ಆಕೆ, "ಇದರಲ್ಲಿ ರುಬ್ಬಿ ರುಬ್ಬಿಯೇ ಕಣೋ ನನ್ನ ಭುಜ ಹೋಗಿದ್ದು, ಇವರು ನೋಡಿದ್ರೆ ಹೂವು ಏರಿಸಿದ್ದಾರೆ" ಎನ್ನುತ್ತಾರೆ. ತೊಟ್ಟಿಯ ಅಂಚಿನಲ್ಲಿ ಕುಳಿತು ಮಳೆ ಸುರಿಯುವುದನ್ನು ನೋಡುವುದೇ ಒಂದು ಧ್ಯಾನವೆಂದು ಮಗ ಹೇಳಿದಾಗ, ಒರೆಸುವವರು ಯಾರು ಎಂಬ ಒಂದೇ ಪ್ರಶ್ನೆಯಿಂದ ಆ ಧ್ಯಾನವನ್ನು ಭಂಗಪಡಿಸುತ್ತಾರೆ. ಅಮೃತಶಿಲೆಯಂತೆ ಮಿನುಗುವ ಗೋಡೆಯ ಗಾರೆಗೆ ಹಿಂದೆಲ್ಲ ಮೊಟ್ಟೆಯ ಬಿಳಿಯನ್ನು ಬೆರೆಸುತ್ತಿದ್ದರೆಂದು ಮ್ಯಾನೇಜರು ಹೆಮ್ಮೆಯಿಂದ ತಿಳಿಸಿದಾಗ, ಅಲ್ಲಿಯವರೆಗೂ ಅದೇ ಗೋಡೆಗೆ ಒರಗಿ ಜಪ ಮಾಡುತ್ತಿದ್ದ ಆಕೆ, ಏನೂ ಆಗಿಲ್ಲವೆಂಬಂತೆ ಅರ್ಧ ಅಡಿ ಮುಂದಕ್ಕೆ ಸರಿದು ಕೂರುತ್ತಾರೆ.

ಪರಂಪರೆಯು ಕಣ್ಣಿನ ಮಟ್ಟದಲ್ಲಿ ಪ್ರಾಚೀನವಾಗಿಯೂ ಚರ್ಮದ ಮಟ್ಟದಲ್ಲಿ ಅತ್ಯಾಧುನಿಕವಾಗಿಯೂ ಇರತಕ್ಕದ್ದು ಎಂಬುದು ಪರಂಪರಾಪ್ರಿಯ ಅತಿಥಿಯ ಸಿದ್ಧಾಂತದ ತಿರುಳು. ಗೋಡೆಗಳು ದಪ್ಪವಾಗಿದ್ದು ಮನೆ ತಂಪಾಗಿರಬೇಕು, ಆದರೆ ವೈಫೈ ಅವುಗಳನ್ನು ದಾಟಿ ಬರಬೇಕು; ಮರದ ಮೆಟ್ಟಿಲು ಕಿರುಗುಟ್ಟಬೇಕು, ಆದರೆ ಪಕ್ಕದಲ್ಲಿ ಲಿಫ್ಟ್ ಇರಬೇಕು; ಕಿಟಕಿಯ ಮರದ ಪಟ್ಟಿಗಳ ಸಂದಿನಿಂದ ಕಡಲ ಗಾಳಿ ಬೀಸಬೇಕು, ಆದರೆ ಏಸಿಯ ತಂಪು ಹೊರಹೋಗಬಾರದು. ಉಪಾಹಾರಕ್ಕೆ ಕ್ರೋಸಾಂಟ್ ಎಂಬ ಪದರುಪದರಾದ ಅರ್ಧಚಂದ್ರಾಕೃತಿಯ ಫ್ರೆಂಚ್ ತಿನಿಸನ್ನು ಶ್ರದ್ಧೆಯಿಂದ ಮುಗಿಸಿ, ಅದರ ಪುಡಿಯನ್ನು ಅಂಗಿಯಿಂದ ಕೊಡವಿಕೊಂಡು, ಎರಡು ಇಡ್ಲಿ ಸಿಗಬಹುದೇ ಎಂದು ತಗ್ಗಿದ ದನಿಯಲ್ಲಿ ವಿಚಾರಿಸುವುದೂ ಈ ಸಿದ್ಧಾಂತದ ವ್ಯಾಪ್ತಿಗೇ ಸೇರುತ್ತದೆ. ಹೊರಡುವಾಗ ಬರೆಯುವ ಅಭಿಪ್ರಾಯದಲ್ಲಿ ಕಾಲ ಇಲ್ಲಿ ನಿಂತುಹೋಗಿದೆಯೆಂದು ಮೆಚ್ಚಿ, ಕೊಠಡಿಯ ಗಡಿಯಾರವೂ ನಿಂತುಹೋಗಿದ್ದಕ್ಕಾಗಿ ಒಂದು ನಕ್ಷತ್ರ ಕಡಿತಗೊಳಿಸುತ್ತಾರೆ.

ಇದೇ ಶ್ರೀಯುತರಿಗೆ ಮೈಸೂರಿನ ಒಂದು ಅಗ್ರಹಾರದಲ್ಲಿ ತಾತ ಕಟ್ಟಿಸಿದ ತೊಟ್ಟಿಮನೆಯೊಂದಿರುತ್ತದೆ, ಅಥವಾ ಇತ್ತೀಚಿನವರೆಗೆ ಇತ್ತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ನಿಯಮದಂತೆ ಪಾರಂಪರಿಕ ಹೋಟೆಲೆನಿಸಲು ಕಟ್ಟಡವು 1950ಕ್ಕೆ ಮುಂಚಿನದಾಗಿರಬೇಕು. ತಾತನ ಮನೆ ವಯಸ್ಸಿನಲ್ಲಿ ಈ ಪರೀಕ್ಷೆಯನ್ನು ಸಲೀಸಾಗಿ ಪಾಸು ಮಾಡುತ್ತದೆಯಾದರೂ, ಅಣ್ಣತಮ್ಮಂದಿರ ನಡುವಿನ ಪಾಲುಪಟ್ಟಿಯ ಪರೀಕ್ಷೆಯಲ್ಲಿ ಡುಮ್ಕಿ ಹೊಡೆಯುತ್ತದೆ. ಅಲ್ಲಿ ಸೋರುವ ಹೆಂಚು ಸೋರುವ ಹೆಂಚೇ ಹೊರತು ವಾಸ್ತುಶೈಲಿಯಲ್ಲ. ಅಲ್ಲಿನ ತೊಟ್ಟಿ ಧ್ಯಾನಸ್ಥಳವಲ್ಲ, ಬಿಲ್ಡರ್ ಭಾಷೆಯಲ್ಲಿ ವ್ಯರ್ಥವಾಗುತ್ತಿರುವ ಚದರಡಿ. ಕೊನೆಗೆ ಮನೆ ಜಾಯಿಂಟ್ ಡೆವಲಪ್‌ಮೆಂಟಿಗೆ ಹೋಗಿ, ಕಂಬ, ಬಾಗಿಲುವಾಡಗಳು ಹಳೆಯ ಮರದ ವ್ಯಾಪಾರಿಯ ಲಾರಿ ಏರುತ್ತವೆ. ಇಂಥ ಸರಕು ಕೈಯಿಂದ ಕೈಗೆ ದಾಟಿ ಹೋಟೆಲುಗಳ ಅಲಂಕಾರಕ್ಕೂ ಸಲ್ಲುವುದರಿಂದ, ಶ್ರೀಯುತರು ಎಂದೋ ಒಂದು ದಿನ ತಾವೇ ಮಾರಿದ ಕಂಬವನ್ನು ತಬ್ಬಿ ಸೆಲ್ಫಿ ತೆಗೆದುಕೊಳ್ಳುವ ಸಂಭವವನ್ನು ತಳ್ಳಿಹಾಕುವಂತಿಲ್ಲ.

ಆದರೂ ಈ ಅತಿಥಿಯನ್ನು ಕೇವಲ ಪರಿಹಾಸಕ್ಕೆ ಗುರಿಮಾಡುವುದು ನ್ಯಾಯವಲ್ಲ. ಉಪ್ಪುಗಾಳಿಗೆ ಗಾರೆ ಉದುರುವ ಕಡಲತೀರದ ಊರಿನಲ್ಲಿ ಸುಣ್ಣದ ಕೆಲಸ ಬಲ್ಲ ಗಾರೆಯವನನ್ನು ಹುಡುಕಿ ಕರೆಸಿ, ತೊಲೆಗಳಿಗೆ ಗೆದ್ದಲು ಹತ್ತದಂತೆ ಕಾಯ್ದು, ಕಟ್ಟಡವೊಂದನ್ನು ನಿಲ್ಲಿಸಿಕೊಳ್ಳುವುದು ಹಣದ ಬಾಬತ್ತು. ಪರಂಪರೆಯ ಮೇಲಿನ ಭಾಷಣಗಳಿಂದ ಆ ಗಾರೆಯವನ ಕೂಲಿ ಹುಟ್ಟುವುದಿಲ್ಲ, ಶನಿವಾರ ರಾತ್ರಿಯ ಬಾಡಿಗೆಯಿಂದ ಹುಟ್ಟುತ್ತದೆ. ಹೀಗೆ, ಸ್ವಂತ ಮನೆಯನ್ನು ಉಳಿಸಲಾರದವರೇ ಪರರ ಮನೆಗಳನ್ನು ಉಳಿಸುತ್ತಿದ್ದಾರೆ. ಹಳೆಯ ಮನೆಯೊಂದು ಅವರ ಪ್ರೀತಿಗೆ ಪಾತ್ರವಾಗಬೇಕಾದರೆ ಅದು ಬೇರೆ ಊರಿನಲ್ಲಿರಬೇಕು, ಬೇರೆಯವರ ಹೆಸರಿನ ಖಾತೆಯಲ್ಲಿರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಭಾನುವಾರ ಹನ್ನೊಂದು ಗಂಟೆಗೆ ಕೀಲಿ ಒಪ್ಪಿಸಿ ಹೊರಡುವಂತಿರಬೇಕು.