ಲಘುವಿಮಾನ ಮೀಮಾಂಸೆ: ಬಾಲ್ಸಾ ಕಾಂಡ

ವಿಮಾನಶಾಸ್ತ್ರಕ್ಕೂ ಬೆಂಗಳೂರು ಸೀಮೆಗೂ ಹಳೆಯ ನಂಟಿದೆ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಸಿದರೆನ್ನಲಾದ ‘ವೈಮಾನಿಕ ಶಾಸ್ತ್ರ’ದಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವರ್ಣನೆಯೂ ನಕ್ಷೆಗಳೂ ಇವೆ. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅವನ್ನು ಕೂಲಂಕಷವಾಗಿ ಪರೀಕ್ಷಿಸಿ, ನಾಲ್ಕರಲ್ಲಿ ಒಂದಕ್ಕೂ ಹಾರುವ ಯೋಗವಿಲ್ಲವೆಂದು ತೀರ್ಪು ಕೊಟ್ಟರು. ತೀರ್ಪು ಸರಿಯಾಗಿಯೇ ಇದೆ. ಆದರೆ ಐವರೂ ಒಂದು ಗಹನ ಪ್ರಶ್ನೆಯನ್ನು ಕೈಬಿಟ್ಟರು: ಹಾರುವ ಯೋಗವಿರುವ ನಕ್ಷೆಯನ್ನೇ ಒಬ್ಬ ಸಂಸಾರಸ್ಥನ ಕೈಗೆ ಕೊಟ್ಟರೆ ವಿಮಾನ ಹಾರುತ್ತದೆಯೇ? ಪ್ರಸ್ತುತ ಪ್ರಬಂಧ ಆ ಕೊರತೆಯನ್ನು ತುಂಬಲು ಹೊರಟಿದೆ.

ಚರ್ಚೆಗೆ ಆರಿಸಿಕೊಂಡಿರುವ ಮೂಲಗ್ರಂಥ ಪೈಪರ್ ಜೆ-3 ಕಬ್. ಅಮೆರಿಕದ ಪೆನ್ಸಿಲ್ವೇನಿಯಾದ ಲಾಕ್ ಹೇವನ್ ಎಂಬ ಊರಿನಲ್ಲಿ 1947ರವರೆಗೆ ಸುಮಾರು 20,000ದಷ್ಟು ತಯಾರಾದ ಎರಡು ಸೀಟಿನ ಸಾಧು ವಿಮಾನ ಇದು. ಮೈಯೆಲ್ಲ ಹಳದಿ, ಪಕ್ಕದಲ್ಲಿ ಕಪ್ಪು ಮಿಂಚಿನ ಪಟ್ಟಿ. ರೆಕ್ಕೆಯ ಹರವು 10.74 ಮೀಟರ್, ಮನೆಯಲ್ಲಿ ಕಟ್ಟುವ ಮಾದರಿಗೆಂದು ಹತ್ತರಲ್ಲೊಂದು ಪಾಲಿಗೆ ಇಳಿಸಿದರೆ 107 ಸೆಂಟಿಮೀಟರ್. ದಿವಾನದ ಮೇಲೆ ಇಡಬಹುದು, ಸ್ಕೂಟರಿನಲ್ಲಿ ಒಯ್ಯಲಾಗದು.

ಇಲ್ಲಿ ಮೊದಲನೆಯ ಸೂತ್ರ ಹುಟ್ಟುತ್ತದೆ. ಉದ್ದ ಹತ್ತರಲ್ಲೊಂದಾದರೆ ವಿಸ್ತೀರ್ಣ ನೂರರಲ್ಲೊಂದು, ತೂಕ ಸಾವಿರದಲ್ಲೊಂದು. ದೊಡ್ಡ ಕಬ್ ತನ್ನ ಮೈತೂಕ, ಪೈಲಟ್, ಪ್ರಯಾಣಿಕ, ಪೆಟ್ರೋಲು ಎಲ್ಲ ಸೇರಿ ಹೆಚ್ಚೆಂದರೆ 553 ಕಿಲೋ ತೂಗಿ ಏಳುತ್ತದೆ. ಆದ್ದರಿಂದ ಮರಿ ಕಬ್‌ನ ಧರ್ಮಸಮ್ಮತ ತೂಕ 553 ಗ್ರಾಂ. ವೇಗ ಹತ್ತರ ವರ್ಗಮೂಲದಿಂದ ಭಾಗವಾಗುವುದರಿಂದ, ದೊಡ್ಡದು ಗಂಟೆಗೆ ಸುಮಾರು 61 ಕಿಲೋಮೀಟರಿಗಿಂತ ನಿಧಾನಿಸಿ ನೆಲ ಕಾಣುವ ಕಡೆ ಮರಿಯದು 19 ಕಿಲೋಮೀಟರಿನವರೆಗೂ ತಾಳಿಕೊಳ್ಳುತ್ತದೆ. ಅದೇ ಲೆಕ್ಕದಲ್ಲಿ 65 ಅಶ್ವಶಕ್ತಿಯ ಎಂಜಿನ್ನು ಬರೇ 15 ವಾಟ್‌ಗೆ ಇಳಿಯುತ್ತದೆ, ಅಂದರೆ ಎರಡು ಎಲ್‌ಇಡಿ ಬಲ್ಬು. ಆದರೂ ಗೃಹಸ್ಥರು 100 ವಾಟ್‌ನ ಮೋಟರು ಕೂರಿಸುತ್ತಾರೆ, ಅದಕ್ಕೆ ಸಕಾರಣವೂ ಉಂಟು. ವಿಮಾನವನ್ನು ಹತ್ತರಲ್ಲೊಂದಕ್ಕೆ ಇಳಿಸಬಹುದು, ಗಾಳಿಯನ್ನು ಇಳಿಸಲು ಬರುವುದಿಲ್ಲ. 1883ರಲ್ಲಿ ಮ್ಯಾಂಚೆಸ್ಟರಿನ ಆಸ್ಬರ್ನ್ ರೇನಾಲ್ಡ್ಸ್ ಕೊಟ್ಟ ಸಂಖ್ಯೆಯನ್ನು ಹಾಕಿ ನೋಡಿದರೆ ದೊಡ್ಡ ಕಬ್‌ನ ರೆಕ್ಕೆಗೆ ಸುಮಾರು 35 ಲಕ್ಷ, ಮರಿಯ ರೆಕ್ಕೆಗೆ ಒಂದು ಲಕ್ಷದ ಆಸುಪಾಸು ಬರುತ್ತದೆ. ಸಂಖ್ಯೆ ಇಳಿದಷ್ಟೂ ಗಾಳಿಯ ಜಿಗುಟು ಹೆಚ್ಚು ಕಾಡುತ್ತದೆ; ಮರಿಯ ಪಾಲಿಗೆ ಅದೇ ಗಾಳಿ ದಪ್ಪನೆಯ ಪಾಕ.

‘ಇದೆಲ್ಲ ಮಕ್ಕಳಾಟಿಕೆಯಲ್ಲವೇ’ ಎಂಬ ಪೂರ್ವಪಕ್ಷ ಅಡುಗೆಮನೆಯ ಕಡೆಯಿಂದ ಬರುತ್ತದೆ. ಅದಕ್ಕೆ ಉತ್ತರ ಹೀಗೆ: 1871ರಲ್ಲಿ ಅಲ್ಫೋನ್ಸ್ ಪೆನೋ ಎಂಬ ತರುಣ ಪ್ಯಾರಿಸ್ಸಿನ ಟ್ಯುಲರಿ ಉದ್ಯಾನದಲ್ಲಿ ರಬ್ಬರು ಹುರಿಯ ಪುಟ್ಟ ವಿಮಾನವನ್ನು 11 ಸೆಕೆಂಡು ಹಾರಿಸಿದ. ಅವನ ಮಾದರಿಯದೇ ಒಂದು ರಬ್ಬರಿನ ಆಟಿಕೆಯನ್ನು 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ತಮ್ಮ ಇಬ್ಬರು ಗಂಡುಮಕ್ಕಳಿಗೆ ತಂದುಕೊಟ್ಟರು. ಆ ಹುಡುಗರ ಮನೆತನದ ಹೆಸರು ರೈಟ್. ಅವರ ಮೊದಲ ಹಾರಾಟ 12 ಸೆಕೆಂಡು. ಮೂವತ್ತೆರಡು ವರ್ಷದಲ್ಲಿ ಒಂದು ಸೆಕೆಂಡಿನ ಪ್ರಗತಿ ಎಂದು ಪೂರ್ವಪಕ್ಷದವರು ಮತ್ತೆ ಆಡಿಕೊಳ್ಳಬಹುದು. ಅಂಥವರ ಜೊತೆ ವಾದ ಬೇಡ.

ನಕ್ಷೆ ಶ್ರುತಿ. ಅದನ್ನು ಬದಲಿಸುವಂತಿಲ್ಲ, ಮುದ್ರಿಸಬಹುದಷ್ಟೆ. ಆದರೆ ಭ್ರಷ್ಟಪಾಠ ಶುರುವಾಗುವುದು ಮುದ್ರಣದಲ್ಲೇ. ಪೂರ್ಣ ಅಳತೆಯ ನಕ್ಷೆಯನ್ನು ಎ4 ಹಾಳೆಗಳಾಗಿ ಒಡೆದು ಜೆರಾಕ್ಸ್ ಅಂಗಡಿಗೆ ಒಯ್ದಾಗ, ಅಲ್ಲಿಯ ಹುಡುಗ ಅಭ್ಯಾಸಬಲದಿಂದ ‘ಫಿಟ್ ಟು ಪೇಜ್’ ಒತ್ತುತ್ತಾನೆ. ನಕ್ಷೆ ನೂರಕ್ಕೆ ತೊಂಬತ್ತೇಳಾಗಿ ಹೊರಬರುತ್ತದೆ. ಕಣ್ಣಿಗೆ ಏನೂ ಗೊತ್ತಾಗದು. ಹಾಳೆಗಳು ಸರಿಯಾಗಿಯೇ ಕೂಡುತ್ತವೆ, ಗೆರೆಗೆ ಗೆರೆ ಸೇರುತ್ತದೆ. ಆದರೆ ರೆಕ್ಕೆಯ ವಿಸ್ತೀರ್ಣದಲ್ಲಿ ನೂರಕ್ಕೆ ಆರು ಪಾಲು ಆಗಲೇ ಆವಿಯಾಗಿದೆ. ಮೋಟರು, ಬ್ಯಾಟರಿ, ಚುಕ್ಕಾಣಿ ತಿರುಗಿಸುವ ಸರ್ವೋಗಳು ಮಾತ್ರ ನೂರಕ್ಕೆ ನೂರರಲ್ಲೇ ಇವೆ. ಬಲ್ಲವರು ನಕ್ಷೆಯ ಮೂಲೆಯ ಅಳತೆಪಟ್ಟಿಯ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ನೋಡದೆ ಅಂಗಡಿಯವನಿಗೆ ದುಡ್ಡು ಕೊಡುವುದಿಲ್ಲ. ಇನ್ನು ಪಾಠಾಂತರದ ತೊಡಕು ಬೇರೆ. ಅಮೆರಿಕದ ನಕ್ಷೆ ಒಂದಿಂಚಿನ ಮೂವತ್ತೆರಡರಲ್ಲಿ ಮೂರು ಪಾಲು ದಪ್ಪದ ಹಲಗೆ ಕೇಳುತ್ತದೆ, ಅದು 2.38 ಮಿಲಿಮೀಟರ್. ಅಂಗಡಿಯಲ್ಲಿರುವುದು ಎರಡು ಅಥವಾ ಎರಡೂವರೆ. ಎರಡು ತಂದರೆ ತುಂಡು ಕಚ್ಚಿನಲ್ಲಿ ಲೊಡಲೊಡ. ಎರಡೂವರೆ ತಂದರೆ ಗೃಹಸ್ಥ ಮರಳುಕಾಗದ ಹಿಡಿದು ಭಾನುವಾರವಿಡೀ ತಿಕ್ಕಬೇಕು, ಮನೆಯ ಫ್ಯಾನು ಹಾಕುವಂತಿಲ್ಲ.

ಹಲಗೆಯ ಕುಲಗೋತ್ರ ಹೇಳದೆ ಮುಂದೆ ಹೋಗುವುದು ಅಪಚಾರ. ಬಾಲ್ಸಾ ಈಕ್ವೆಡಾರ್ ಕಡೆಯ ಮರ. ಸಸ್ಯಶಾಸ್ತ್ರಜ್ಞರು ಇದನ್ನು ಸೇರಿಸುವುದು ನಮ್ಮ ಬೂರುಗ, ಹತ್ತಿ, ಬೆಂಡೆಕಾಯಿಗಳ ಕುಟುಂಬಕ್ಕೆ. ಉಗುರು ಒತ್ತಿದರೆ ಗುರುತು ಬೀಳುವ ಈ ಮರವನ್ನು ಅವರು ‘ಗಟ್ಟಿಮರ’ಗಳ ಸಾಲಿನಲ್ಲಿ ಕೂರಿಸಿದ್ದಾರೆ. ನಗುವ ಮೊದಲು, ಎರಡನೆಯ ಮಹಾಯುದ್ಧದ ಬ್ರಿಟನ್ನಿನ ಮಾಸ್ಕಿಟೊ ಬಾಂಬರಿನ ಮೈ ಎರಡು ಪ್ಲೈವುಡ್ ಪದರಗಳ ನಡುವೆ ಬಾಲ್ಸಾ ತುಂಬಿ ಮಾಡಿದ್ದೆಂಬುದು ನೆನಪಿರಲಿ. ಬಾಲ್ಸಾದ ಗುಟ್ಟಿರುವುದು ತೂಕದಲ್ಲಿ. ಒಂದೇ ಕಟ್ಟಿನಿಂದ ತೆಗೆದ, ಒಂದೇ ಬಣ್ಣದ, ಒಂದೇ ಬೆಲೆಯ ಎರಡು ಹಾಳೆಗಳಲ್ಲಿ ಒಂದು 14 ಗ್ರಾಂ ತೂಗಿದರೆ ಇನ್ನೊಂದು 26 ತೂಗಬಹುದು. ಆದ್ದರಿಂದಲೇ ನಿಷ್ಠಾವಂತರು ಅಂಗಡಿಗೆ ಜೇಬಿನಲ್ಲಿ ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಂಡು ಹೋಗುತ್ತಾರೆ. ಒಂದೊಂದೇ ಹಾಳೆಯನ್ನು ತೂಗಿ, ಬೆಳಕಿಗೆ ಹಿಡಿದು, ಅಡ್ಡಕ್ಕೆ ಬಗ್ಗಿಸಿ, ಹಗುರದ್ದನ್ನು ಬಾಲಕ್ಕೂ ಭಾರದ್ದನ್ನು ರೆಕ್ಕೆಯ ಬೆನ್ನಿಗೂ ಬೇರೆ ಮಾಡುತ್ತಾರೆ. ಅಂಗಡಿಯವನು ಇದನ್ನು ಸಹಿಸುವುದು ಅವನ ಸಂಸ್ಕಾರ.

ಅಂಟಿನಲ್ಲಿ ಮತತ್ರಯವಿದೆ. ಬಿಳಿ ಮರದಂಟಿನವರು ದ್ವೈತಿಗಳು: ರಾತ್ರಿಯಿಡೀ ಎರಡು ತುಂಡು ಎರಡೇ, ಬೆಳಗಾಗುವ ತನಕ ಗುಂಡುಸೂಜಿಯ ಅನುಗ್ರಹ ಬೇಕು. ಹಾಟ್ ಗ್ಲೂ ಗನ್ನಿನವರು ವಿಶಿಷ್ಟಾದ್ವೈತಿಗಳು: ತುಂಡುಗಳು ಕೂಡುತ್ತವೆ, ಆದರೆ ನಡುವಿನ ದಪ್ಪ ಅಂಟು ವಿಶೇಷಣವಾಗಿ ಉಳಿದೇ ಉಳಿಯುತ್ತದೆ, ಅದರ ತೂಕವೂ ಉಳಿಯುತ್ತದೆ. ಸೈನೊಅಕ್ರಿಲೇಟ್‌ನವರು, ಅಂದರೆ ಫೆವಿಕ್ವಿಕ್ ಜಾತಿಯ ಅಂಟಿನವರು, ಅಪ್ಪಟ ಅದ್ವೈತಿಗಳು: ಈ ತುಂಡು, ಆ ತುಂಡು, ಕೆಳಗಿನ ನಕ್ಷೆ, ಮೇಲಿನ ಬೆರಳು, ಎಲ್ಲವೂ ಕ್ಷಣದಲ್ಲಿ ಒಂದೇ. ಈ ವಸ್ತು 1942ರಲ್ಲಿ ಕೊಡಕ್ ಕಂಪನಿಯ ಹ್ಯಾರಿ ಕೂವರ್ ಅವರ ಕೈಗೆ ಸಿಕ್ಕಿದಾಗ ಅವರು ಹುಡುಕುತ್ತಿದ್ದದ್ದು ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್ಕು. ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆಂದು ಬಿಸಾಕಿದರು. ಅದೇ ದೋಷ ಗುಣವಾಗಿ ಪೇಟೆಗೆ ಬಂದದ್ದು 1958ರಲ್ಲಿ. ಇದು ಗಟ್ಟಿಯಾಗಲು ತೇವ ಬೇಕು. ಆದ್ದರಿಂದ ಮಂಗಳೂರಿನ ಮಳೆಗಾಲದಲ್ಲಿ ಅದ್ವೈತ ಬೇಗ ಸಿದ್ಧಿಸುತ್ತದೆ, ಕಲಬುರಗಿಯ ಏಪ್ರಿಲಿನಲ್ಲಿ ತುಸು ತಡ. ಬೆವರಿದ ಬೆರಳಿಗೆ ಎಲ್ಲ ಊರಲ್ಲೂ ಎಲ್ಲ ಋತುವಿನಲ್ಲೂ ತಕ್ಷಣ.

ಈಗ ಈ ಶಾಸ್ತ್ರದ ಮುಖ್ಯ ವ್ಯಾಧಿಗೆ ಬರೋಣ. ನಕ್ಷೆ ಬರೆದವನು ಬಾಲದ ತುಂಡಿಗೆ ಒಂದೂವರೆ ಮಿಲಿಮೀಟರ್ ಎಂದಿರುತ್ತಾನೆ. ಗೃಹಸ್ಥ ಅದನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿ, ತಲೆಯಾಡಿಸಿ, ಮೂರು ಮಿಲಿಮೀಟರಿನದು ಕತ್ತರಿಸುತ್ತಾನೆ. ಒಂದು ಮೂಲೆಗೆ ಪ್ಲೈವುಡ್ಡಿನ ಪಟ್ಟಿ, ಅದರ ಮೇಲೆ ಒಂದು ಸುತ್ತು ಟೇಪು. ಮನೆಗೆ ಕಂಬ ಕಟ್ಟಿಸುವಾಗ ಮೇಸ್ತ್ರಿಗೆ ‘ಇನ್ನೊಂದು ಕಂಬಿ ಹಾಕಿಬಿಡಪ್ಪ’ ಎಂದ ನಾಲಿಗೆಯೇ ಇಲ್ಲೂ ಕೆಲಸ ಮಾಡುವುದು. ಫಲಿತಾಂಶವನ್ನು ಸನ್ನೆಗೋಲಿನ ನಿಯಮ ನೋಡಿಕೊಳ್ಳುತ್ತದೆ. ಈ ಅಳತೆಯ ಕಬ್‌ನಲ್ಲಿ ಗುರುತ್ವಕೇಂದ್ರದಿಂದ ಬಾಲ ಸುಮಾರು 50 ಸೆಂಟಿಮೀಟರ್ ದೂರ, ಮೂತಿ ಸುಮಾರು 20. ಬಾಲಕ್ಕೆ 12 ಗ್ರಾಂ ಭದ್ರತೆ ಸೇರಿಸಿದರೆ ಮೂತಿಗೆ 30 ಗ್ರಾಂ ಸೀಸ ಕಟ್ಟಬೇಕು. ಒಟ್ಟು 42 ಗ್ರಾಂ ಏರಿತು, ರೆಕ್ಕೆ ಒಂದಿಂಚೂ ಬೆಳೆಯಲಿಲ್ಲ. ತೂಕ ಏರಿದ್ದಕ್ಕೆ ಮೋಟರು ದೊಡ್ಡದು, ಮೋಟರು ದೊಡ್ಡದಾದ್ದಕ್ಕೆ ಬ್ಯಾಟರಿ ದೊಡ್ಡದು, ಬ್ಯಾಟರಿ ದೊಡ್ಡದಾದ್ದಕ್ಕೆ ಅದನ್ನು ಹೊರುವ ತಳಕ್ಕೆ ಇನ್ನೊಂದು ಪ್ಲೈವುಡ್. ಇಷ್ಟೆಲ್ಲ ಭದ್ರವಾದ ವಿಮಾನ ನೆಲಕ್ಕೆ ಬಡಿಯುವ ವೇಗವೂ ಹೆಚ್ಚು. ಹಗುರವಾದದ್ದು ಹುಲ್ಲಿನ ಮೇಲೆ ಮಗುಚಿಕೊಂಡು ಸುಮ್ಮನಾಗುವಲ್ಲಿ, ಬಲಪಡಿಸಿದ್ದು ನೇರ ಗುಂಡಿ ತೋಡುತ್ತದೆ. ಅದು ಮುರಿಯುವುದು ಬಲಪಡಿಸಿದ ಜಾಗದ ಪಕ್ಕದಲ್ಲೇ.

ಹೊದಿಕೆಯ ಪ್ರಕರಣ ಸಂಕ್ಷಿಪ್ತ. ಬಿಸಿ ತಾಕಿದರೆ ಅಂಟಿಕೊಂಡು ಬಿಗಿಯಾಗುವ ಹಳದಿ ಫಿಲ್ಮನ್ನು ಅಸ್ಥಿಪಂಜರದ ಮೇಲೆ ಹಾಸಿ ಇಸ್ತ್ರಿ ಮಾಡಬೇಕು. ಇದಕ್ಕೆಂದೇ ಸಣ್ಣ ಇಸ್ತ್ರಿ ಪೆಟ್ಟಿಗೆ ಮಾರುತ್ತಾರೆ. ಗೃಹಸ್ಥ ಅದನ್ನು ಕೊಳ್ಳುವುದಿಲ್ಲ. ಮನೆಯದನ್ನೇ ಬಳಸಿ, ಬಿಸಿ ಒಂದು ಗೆರೆ ಹೆಚ್ಚಿಟ್ಟು, ಫಿಲ್ಮಿನ ಹಳದಿಯನ್ನು ತಳಕ್ಕೆ ಮೆತ್ತಿಸಿಕೊಂಡು, ಏನೂ ಆಗಿಲ್ಲವೆಂಬಂತೆ ಬೀರುವಿನ ಮೇಲೆ ಇಡುತ್ತಾನೆ. ಸೋಮವಾರ ಬೆಳಿಗ್ಗೆ ಬಿಳಿ ಅಂಗಿಯ ಬೆನ್ನಿನ ಮೇಲೆ ಲಾಕ್ ಹೇವನ್ನಿನ ಹಳದಿ ಮೂಡುತ್ತದೆ. “ರೀ, ಇದೇನಿದು?” ಎಂಬುದಕ್ಕೆ ಯಾವ ಭಾಷ್ಯಕಾರರೂ ತೃಪ್ತಿಕರ ಉತ್ತರ ಕೊಟ್ಟಿಲ್ಲ.

ವಿದ್ಯುತ್ತಿನ ಯುಗ ಈ ವಿದ್ಯೆಗೆ ಹೊಸತೇನಲ್ಲ. ಇಂಗ್ಲೆಂಡಿನ ಕರ್ನಲ್ ಎಚ್. ಜೆ. ಟ್ಯಾಪ್ಲಿನ್ 1957ರ ಜೂನ್ 30ರಂದು ‘ರೇಡಿಯೊ ಕ್ವೀನ್’ ಎಂಬ ಮಾದರಿಯನ್ನು ಬೆಳ್ಳಿ-ಸತುವಿನ ಬ್ಯಾಟರಿಯಿಂದ ಹಾರಿಸಿದ್ದೇ ದಾಖಲೆಯಾದ ಮೊದಲ ವಿದ್ಯುತ್ ರೇಡಿಯೊ ಹಾರಾಟ. ಈಗ ಬೆಂಗಳೂರಿನ ಎಸ್.ಪಿ. ರಸ್ತೆಯ ಕಿಷ್ಕಿಂಧೆಯಲ್ಲಿ ಮೋಟರು, ಸ್ಪೀಡ್ ಕಂಟ್ರೋಲರು, ಒಂಬತ್ತು ಗ್ರಾಮಿನ ಸರ್ವೋ, ಲಿಥಿಯಂ ಪಾಲಿಮರ್ ಬ್ಯಾಟರಿ ಎಲ್ಲವೂ ಸಿಗುತ್ತವೆ. ಮೋಟರಿನ ಮೇಲೆ ‘1000 ಕೆವಿ’ ಎಂದಿರುವುದನ್ನು ಓದಿ ಮನೆಯ ಹಿರಿಯರು ಹೌಹಾರುವುದುಂಟು. ಅದು ಕಿಲೋವೋಲ್ಟ್ ಅಲ್ಲ; ಒಂದು ವೋಲ್ಟಿಗೆ ನಿಮಿಷಕ್ಕೆ ಸಾವಿರ ಸುತ್ತು ಎಂದಷ್ಟೇ. ಮೂರು ಸೆಲ್ಲಿನ 11.1 ವೋಲ್ಟ್ ಕೊಟ್ಟರೆ ಖಾಲಿ ಮೋಟರು 11,100 ಸುತ್ತು ಸುತ್ತುತ್ತದೆ. ಹಿಂದುಮುಂದಾಗಿ ತಿರುಗಿದರೆ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರಾಯಿತು. ಸಂಸಾರದಲ್ಲಿ ಇಷ್ಟು ಸುಲಭದ ಪರಿಹಾರ ಇನ್ನೊಂದಿಲ್ಲ. ಬ್ಯಾಟರಿ ಮಾತ್ರ ದೂರ್ವಾಸ: ಸೆಲ್ಲೊಂದಕ್ಕೆ 4.2 ವೋಲ್ಟ್ ದಾಟಿದರೆ ಬೆಂಕಿಯ ಭಯ, 3ಕ್ಕಿಂತ ಇಳಿದರೆ ಶಾಶ್ವತ ಮುನಿಸು, ಕೆಲಸವಿಲ್ಲದೆ ಮಲಗಿಸುವಾಗ 3.8ರಲ್ಲೇ ಮಲಗಿಸಬೇಕು.

ದೇಶನಿರ್ಣಯವೇ ಕಾಲನಿರ್ಣಯಕ್ಕಿಂತ ಕಷ್ಟ. 2021ರ ಡ್ರೋನ್ ನಿಯಮಾವಳಿ ಆಕಾಶಕ್ಕೆ ಕೆಂಪು, ಹಳದಿ, ಹಸಿರು ಬಣ್ಣ ಬಳಿದಿದೆ. ವಿಮಾನ ನಿಲ್ದಾಣದ ಗಡಿಯಿಂದ ಎಂಟು ಕಿಲೋಮೀಟರಿನೊಳಗೆ ಹಸಿರು ಸಿಗುವುದಿಲ್ಲ. ಎಂಟರಿಂದ ಹನ್ನೆರಡರ ನಡುವೆ 200 ಅಡಿವರೆಗೆ ಮಾತ್ರ ಹಸಿರು. ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿ ಎಂದು ನಾಲ್ಕು ಕಡೆ ರನ್‌ವೇ ಹಾಸಿಕೊಂಡಿರುವ ಬೆಂಗಳೂರಿನ ಮೇಲೆ ಕಂಪಾಸು ಇಟ್ಟು ವೃತ್ತ ಎಳೆದರೆ, ದೇಶದ ವಿಮಾನ ರಾಜಧಾನಿಯಲ್ಲಿ ಅರ್ಧ ಕಿಲೋದ ವಿಮಾನಕ್ಕೆ ಜಾಗ ಹುಡುಕುವುದು ಎಷ್ಟು ತ್ರಾಸವೆಂದು ತಿಳಿಯುತ್ತದೆ. ಗೃಹಸ್ಥ ಊರಾಚೆಯ ಒಣಗಿದ ಕೆರೆಯಂಗಳಕ್ಕೆ ನಸುಕಿನಲ್ಲೇ ಹೋಗುತ್ತಾನೆ, ಗಾಳಿ ಏಳುವ ಮುನ್ನ. ಅಂಗಳದ ಅಂಚಿಗೆ ತೋಟವಿರುತ್ತದೆ. ಇರದ ಕೆರೆಯಂಗಳ ಶಾಸ್ತ್ರದಲ್ಲೂ ಇಲ್ಲ.

ಹಾರಾಟದ ರಹಸ್ಯ ದಿಗ್ಭ್ರಮೆಯಲ್ಲಿದೆ. ವಿಮಾನ ದೂರ ಹೋಗುವಾಗ ಎಡ ಎಡವೇ, ಬಲ ಬಲವೇ. ಅದು ತಿರುಗಿ ಗೃಹಸ್ಥನ ಕಡೆಗೇ ಬರುತ್ತಿದ್ದಂತೆ ಎರಡೂ ಅದಲುಬದಲು. ಇದಕ್ಕೆ ಗುರುಪರಂಪರೆಯಿಂದ ಬಂದ ಒಂದೇ ಮಂತ್ರವಿದೆ: ಎದುರಿಗೆ ಬರುವ ವಿಮಾನದ ಯಾವ ರೆಕ್ಕೆ ಕುಸಿಯುತ್ತಿದೆಯೋ, ರಿಮೋಟಿನ ಕಡ್ಡಿಯನ್ನು ಆ ಕಡೆಗೇ ತಳ್ಳಿ ಆಸರೆ ಕೊಡಬೇಕು. ಮಂತ್ರ ಎಲ್ಲರಿಗೂ ಬಾಯಿಪಾಠ. ನೆನಪಾಗುವುದು ವಿಮಾನ ತೋಟ ಸೇರಿದ ಮೇಲೆ.

ತೆಂಗಿನ ಗರಿಗಳ ನಡುವೆ ಹಳದಿ ಕಾಣದಿದ್ದರೆ ಮೋಟರಿನ ಕಡ್ಡಿ ಮುಟ್ಟದೆ ಬೇರೆ ಕಡ್ಡಿಯನ್ನು ಅಲ್ಲಾಡಿಸಿ ಕಿವಿಗೊಡಬೇಕು. ಸರ್ವೋಗಳು ಮೇಲಿಂದ ಕಿಚಕಿಚ ಎನ್ನುತ್ತವೆ. ತಡಮಾಡುವಂತಿಲ್ಲ, ಬ್ಯಾಟರಿ ಮೂರು ವೋಲ್ಟಿಗಿಂತ ಇಳಿದರೆ ಮುನಿಸು ಶಾಶ್ವತವೆಂದು ಹೇಳಿಯಾಗಿದೆ. ದೋಟಿ ಅಷ್ಟೆತ್ತರಕ್ಕೆ ಎಟಕುವುದಿಲ್ಲ. ತೋಟದ ಯಜಮಾನರು ಕಾಯಿ ಕೀಳುವವನನ್ನು ಕರೆಸುತ್ತಾರೆ. ಅವನು ಮರವನ್ನೂ ಗೃಹಸ್ಥನನ್ನೂ ಒಮ್ಮೆ ನೋಡಿ, “ಕರೆಂಟ್ ಹೊಡೀತದಾ ಸಾರ್?” ಎಂದು ಕೇಳಿಕೊಂಡು, ಸರಸರ ಹತ್ತಿ, ರೆಕ್ಕೆಯನ್ನು ಒಂದು ಕೈಯಲ್ಲಿ ಬಾಲವನ್ನು ಇನ್ನೊಂದು ಕೈಯಲ್ಲಿ ಎತ್ತಿ ತೋರಿಸುತ್ತಾನೆ, ನಡುವಿನ ಮೈ ಇನ್ನೂ ಗರಿಯಲ್ಲೇ ಇರುತ್ತದೆ. ಕೂಲಿ ಮರದ ಲೆಕ್ಕ, ವಿಮಾನದ ತೂಕಕ್ಕೆ ಸಂಬಂಧವಿಲ್ಲ. “ಹೆಂಗೂ ಹತ್ತಿದೀನಿ, ನಾಲ್ಕು ಎಳನೀರೂ ಇಳಿಸ್ಲಾ?” ಎಂದು ಮೇಲಿಂದ ಕೂಗುತ್ತಾನೆ. ಯಜಮಾನರು ಇಳಿಸು ಎನ್ನುತ್ತಾರೆ, ಅದರ ದುಡ್ಡು ಯಾರು ಕೊಡಬೇಕೆಂಬ ಚರ್ಚೆ ಮರದ ಬುಡದಲ್ಲಿ ಶುರುವಾಗುತ್ತದೆ.