ಪೇಟಿ ಒಂದು ಮನೆ ಇಳಿದರೇನಂತೆ

ಬನಹಟ್ಟಿಯವರು ಮಾತಾಡಿದರೆ ಜಗಳ ಆಡಿದಂಗೆ ಕೇಳ್ತದೆ ಅಂತ ಬೀಳಗಿಯ ನಮ್ಮ ಬೀಗರು ಬಂದಾಗಲೆಲ್ಲ ಅನ್ನುತ್ತಾರೆ. ಪಾವರ್‌ಲೂಮ್ ಓಣಿಯಲ್ಲಿ ಬೇರೆ ಹೆಂಗೆ ಮಾತಾಡುವುದು? ಮಗ್ಗದ ಶೆಡ್ಡಿನ ಸಪ್ಪಳ ಎಷ್ಟೋ ಕಡೆ 90 ಡೆಸಿಬಲ್ ದಾಟುತ್ತದೆ. ಸಪ್ಪಳ ಏರಿದಷ್ಟೂ ನಮಗೆ ಗೊತ್ತಿಲ್ಲದೆ ನಮ್ಮ ದನಿಯೂ ಏರುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಕಿವಿ ಮಂದವಾಗುತ್ತದೆ. ತನ್ನ ದನಿ ತನಗೇ ಸರಿಯಾಗಿ ಕೇಳದವನು ಮನೆಗೆ ಬಂದ ಮೇಲೂ ಕೂಗಿಯೇ ಮಾತಾಡುತ್ತಾನೆ. ನಮ್ಮೂರಲ್ಲಿ ಯಾರಾದರೂ ‘ವಯಸ್ಸಾತು, ದನಿ ಹೋತು’ ಅಂದರೆ ನಾನು ಅದಕ್ಕೇ ಪೂರ್ತಿ ಒಪ್ಪುವುದಿಲ್ಲ. ಅದರಲ್ಲಿ ವಯಸ್ಸಿನ ಪಾಲೂ ಇದೆ, ಮಗ್ಗದ ಪಾಲೂ ಇದೆ.

ಮೊನ್ನೆ ಪಕ್ಕದ ಮನೆ ಕಾಕಾ ಕಂಪೌಂಡಿನ ಗೋಡೆಗೆ ಮೊಣಕೈ ಊರಿ ಅದನ್ನೇ ತೆಗೆದರು. “ಮಾಸ್ತರ, ಫೋನಿನ್ಯಾಗ ಮಾತಾಡಿದ್ರ ಮಂದಿ ನನಗ ‘ಅಮ್ಮಾರ’ ಅಂತಾರ. ನಿಮ್ಮ ಚಿಗವ್ವಗ ‘ಯಜಮಾನ್ರ’ ಅಂತಾರ. ಇದೇನಿದು ಉಲ್ಟಾ?”

ಉಲ್ಟಾ ಏನೂ ಅಲ್ಲ. ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಮೆತ್ತನೆಯ ಮಡಿಕೆಗಳಿವೆ, ಅವೇ ಧ್ವನಿತಂತುಗಳು. ಗಂಡಸರಲ್ಲಿ ಹೆಚ್ಚುಕಡಿಮೆ 2 ಸೆಂಟಿಮೀಟರ್ ಉದ್ದ, ಹೆಂಗಸರಲ್ಲಿ ಇನ್ನೂ ಗಿಡ್ಡ. ಪುಪ್ಪುಸದ ಗಾಳಿ ಅವುಗಳ ನಡುವೆ ನುಗ್ಗುವಾಗ ಗಂಡಸರಲ್ಲಿ ಸೆಕೆಂಡಿಗೆ ನೂರು ನೂರಿಪ್ಪತ್ತು ಸಲ, ಹೆಂಗಸರಲ್ಲಿ ಸುಮಾರು ಇನ್ನೂರು ಸಲ ಅದುರುತ್ತವೆ. ವಯಸ್ಸಾದಂತೆ ಗಂಡಸರಲ್ಲಿ ಈ ಮಡಿಕೆಯೊಳಗಿನ ಸ್ನಾಯು ಸೊರಗಿ ತೆಳುವಾಗುತ್ತದೆ, ತೆಳುವಾದದ್ದು ಬೇಗಬೇಗ ಅದುರುತ್ತದೆ, ದನಿ ಸಣ್ಣಗಾಗುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಹಾರ್ಮೋನು ಬದಲಾಗಿ ಮಡಿಕೆ ಕೊಂಚ ದಪ್ಪಗಾಗುತ್ತದೆ, ದನಿ ಇಳಿಯುತ್ತದೆ. ಎಪ್ಪತ್ತರ ಹೊತ್ತಿಗೆ ಗಂಡ ಹೆಂಡತಿಯ ದನಿ ಹತ್ತಿರ ಹತ್ತಿರ ಬಂದಿರುತ್ತದೆ. ಇದನ್ನು ಕೇಳಿ ಚಿಗವ್ವ ಒಳಗಿಂದಲೇ “ಹಂಗಾದ್ರ ನಂದೇನೂ ರೋಗ ಅಲ್ಲ?” ಅಂದರು. ಅಲ್ಲವೇ ಅಲ್ಲ.

ಕಾಕಾನಿಗೆ ಇಷ್ಟಕ್ಕೆ ಸಮಾಧಾನ ಆಗಲಿಲ್ಲ. “ಮಾತು ಸಣ್ಣಗಾತು, ಇರ್ಲಿ. ಹಾಡು ಯಾಕ ಏರವಲ್ದು? ಮೊದ್ಲ ಭಜನ್ಯಾಗ ಪೇಟಿ ಕಾಳಿ ಎರಡಕ್ಕ ಇಟ್ರೂ ರಾತ್ರಿ ತುಂಬಾ ಹಾಡತಿದ್ವಿ.” ಪೇಟಿ ಅಂದರೆ ಹಾರ್ಮೋನಿಯಂ, ಕಾಳಿ ಎರಡು ಅಂದರೆ ಅದರ ಎರಡನೆಯ ಕರಿಮನೆ, ಏರುಶ್ರುತಿ. ಅವರ ಸಂಕಟ ನನಗೆ ತಟ್ಟಿತು. ಸೊರಗಿದ ಮಡಿಕೆಗಳ ಅಂಚು ನಡುವೆ ಬಾಗುತ್ತದೆ. ಎರಡೂ ಪೂರ್ತಿ ಕೂಡುವುದಿಲ್ಲ, ಆ ಸಂದಿನಲ್ಲಿ ಗಾಳಿ ಸೋರುತ್ತದೆ. ಹಾಸಿನ ನೂಲು ಸಡಿಲಾದರೆ ಬಟ್ಟೆಗೆ ಬಿಗಿ ಬಾರದ ಹಾಗೆ ದನಿಗೂ ಬಿಗಿ ಬಾರದು. ಮೇಲಾಗಿ ಎದೆಗೂಡಿನಲ್ಲಿ ಮೊದಲಿನ ದಮ್ಮಿಲ್ಲ, ಧ್ವನಿಪೆಟ್ಟಿಗೆಯ ಮೆತ್ತನೆಯ ಎಲುಬು ಗಟ್ಟಿಯಾಗಿರುತ್ತದೆ, ಗಂಟಲಿನ ಪಸೆಯೂ ಆರಿರುತ್ತದೆ. ಮುಧೋಳ ತಾಲೂಕಿನ ಲೋಕಾಪುರದ ಕಡೆ ಶ್ರೀಕೃಷ್ಣ ಪಾರಿಜಾತದ ಆಟವನ್ನು ಬೆಳತನಕ ಆಡುವವರಿದ್ದಾರಲ್ಲ, ಮೈಕಿಲ್ಲದ ಕಾಲದಲ್ಲಿ ಆ ಏರುದನಿಯಲ್ಲಿ ಇಡೀ ರಾತ್ರಿ ಹಾಡಿದ ಗಂಟಲುಗಳ ದಣಿವು ಎಂಥದ್ದಿರಬೇಕು!

ಚಿಗವ್ವನಿಗೆ ಬೀಳಗಿಯ ಗಾಯಕಿ ಅಮೀರ್‌ಬಾಯಿ ಕರ್ನಾಟಕಿ ಅಂದರೆ ಜೀವ. 1943ರ ‘ಕಿಸ್ಮತ್’ ಸಿನಿಮಾದ ಆ ದನಿ ಮೊಬೈಲಿನಲ್ಲಿ ಇವತ್ತಿಗೂ ಎಳೆಯದಾಗಿಯೇ ಇದೆ. ಆಕೆ 1965ರಲ್ಲಿ ತೀರಿಕೊಂಡರು, ಮುಪ್ಪಿನ ದನಿಯಲ್ಲಿ ಆಕೆಯನ್ನು ಕೇಳುವ ಭಾಗ್ಯ ನಮಗಿಲ್ಲ. ಕೇಳಿದ್ದರೆ ಚಲೋ ಇತ್ತು ಅನ್ನಿಸುತ್ತದೆ. ದನಿ ಬದಲಾದರೂ ಹಾಡು ಬಿಡದವರೂ ಇದ್ದಾರೆ. ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಚಿಕಿತ್ಸೆಯ ನಂತರ ಗಡಸಾಯಿತು. ಅವರು ಹಳೆಯ ಸಣ್ಣ ದನಿಯ ಬೆನ್ನುಹತ್ತಲಿಲ್ಲ, ಸಿಕ್ಕ ದನಿಯಲ್ಲೇ ಕಿರಾಣಾ ಘರಾಣೆಯನ್ನು ಎತ್ತರಕ್ಕೆ ಒಯ್ದರು. 2006ರಲ್ಲಿ, ತೊಂಬತ್ತು ದಾಟಿದ ಮೇಲೂ ಕಛೇರಿ ಕೊಟ್ಟರು.

“ಹಂಗಾರ ನಾ ಏನ ಮಾಡ್ಲಿ?”

ಮೊದಲು ಡಾಕ್ಟರಿಗೆ ತೋರಿಸಿರಿ ಅಂದೆ. ಕಾಕಾ ತಂಬಾಕು ಹಾಕುವವರು. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ, ನುಂಗಲು ತ್ರಾಸಾದರೆ, ಅದನ್ನು ವಯಸ್ಸಿನ ಮೇಲೆ ಹಾಕಿ ಕೂಡಬಾರದು. ಗಂಟಲಿನ ಕ್ಯಾನ್ಸರು ಹೀಗೇ ಶುರುವಾಗಬಹುದು, ಬೇಗ ಗೊತ್ತಾದರೆ ವಾಸಿಯಾಗುವ ರೋಗ ಅದು. ಕನ್ನಡಿ ಹಾಕಿಯೋ ಸಣ್ಣ ಕ್ಯಾಮೆರಾ ಇಳಿಸಿಯೋ ಕಿವಿ ಮೂಗು ಗಂಟಲಿನ ಡಾಕ್ಟರು ನೋಡಿಬಿಡುತ್ತಾರೆ, ಜಮಖಂಡಿಗೆ ಹೋಗಿಬಂದರೆ ಆಯಿತು. ಹೋದಾಗ ಕಿವಿಯನ್ನೂ ತೋರಿಸಬೇಕು.

ಅದು ಬರೀ ವಯಸ್ಸೇ ಆಗಿದ್ದರೆ ಸುಮ್ಮನಾಗುವುದೇ ದೊಡ್ಡ ತಪ್ಪು. ದನಿಯೂ ಸ್ನಾಯುವಿನ ಕೆಲಸ, ಬಳಸದಿದ್ದರೆ ಇನ್ನಷ್ಟು ಸೊರಗುತ್ತದೆ. ಅರ್ಧ ಲೋಟ ನೀರಿಗೆ ಎಳನೀರಿನ ಕೊಳವೆ ಇಟ್ಟು, ಗುಳ್ಳೆ ಏಳುವಂತೆ ‘ಊ’ ಅಂತ ದನಿ ಹೊರಡಿಸಬೇಕು, ಹಾಗೇ ಮೆಲ್ಲಗೆ ಮೇಲೇರಿ ಕೆಳಗಿಳಿಯಬೇಕು. ದನಿ ಚಿಕಿತ್ಸಕರು ಹೇಳಿಕೊಡುವ ಅಭ್ಯಾಸ ಇದು. ಕೊಳವೆಯಲ್ಲಿ ತಡೆದ ಗಾಳಿ ಧ್ವನಿತಂತುಗಳಿಗೆ ಮೇಲಿನಿಂದ ಆಸರೆ ಕೊಡುತ್ತದೆ, ಅವು ಬಡಿದುಕೊಳ್ಳದೆ ಹದವಾಗಿ ಅದುರುತ್ತವೆ. ಕಾಕಾ ಚಿಗವ್ವನ ಕಡೆಯಿಂದ ಲೋಟ ತರಿಸಿ ಗೋಡೆಯ ಮೇಲಿಟ್ಟು ಅಲ್ಲೇ ಮಾಡಿ ನೋಡಿದರು. ಮೊದಲು ಬರೀ ಗುಳ್ಳೆ. ಆಮೇಲೆ ಗುಳ್ಳೆಯ ಜೊತೆ ದನಿಯೂ ಬಂತು.

ಭಜನಿಯ ಹುಡುಗರಿಗೆ ನಾನೂ ಒಂದು ಮಾತು ಹೇಳಿದ್ದೇನೆ. ಪೇಟಿ ಕಾಳಿ ಒಂದಕ್ಕೆ ಇಳಿಸಿರಿ, ಹಿರಿಯರು ಮುಂದಿನ ಸಾಲಿನಲ್ಲಿ ಕೂಡಲಿ, ನೀವು ಹಿಂದಿನಿಂದ ದನಿ ಕೂಡಿಸಿರಿ ಅಂತ. ಅವರಿಗೆ ಏರುದನಿಯ ಹುರುಪು, ಮೊದಲು ಕೊಸರಾಡಿದರು. ಅಮಾಸಿಯಿಂದ ಶುರು ಮಾಡೋಣ ಅಂತ ಈಗ ಒಪ್ಪಿದ್ದಾರೆ.